ಸಾಕ್ಷಿಯೂಟ

ಅನಾನೆ ದೂಳುಗಾಳಿಯ ಕಾಲದಲ್ಲಿ ಹಾಸಿಗೆ ಹಿಡಿದವನು, ಮಳೆ ಬಂದರೂ ಏಳಲಿಲ್ಲ. ಎದೆ ಸೋತಿತ್ತು, ಬುದ್ಧಿ ಸೋತಿರಲಿಲ್ಲ. ಹಳ್ಳದ ದಂಡೆಯ ಕೋಕೋ ತೋಟ ಹೆಂಡತಿ ದುಫಿಯೆಗೆ ಎಂದು ಅವನು ತನ್ನ ಬಳಗದವರನ್ನು ಕರೆಸಿ ಹೇಳಿದ. ಹೇಳದೆ ಹೋದರೆ ಅದು ಅಳಿಯಕಟ್ಟಿನಂತೆ ಅಕ್ಕನ ಮಗ ಅದೊಮಾಕೊನ ಪಾಲಾಗುವಂಥದು. ಹೆಂಡತಿ ಮಕ್ಕಳು ಬೇರೆ ಬಳಗದವರು. ಸರ್ಕಾರದ ಕಾನೂನು ಬೇರೆ ಹೇಳುತ್ತದೆ, ನಿಜ. ಕಾನೂನು ಇರುವುದು ಪಟ್ಟಣದಲ್ಲಿ, ತೋಟ ಇರುವುದು ಊರಲ್ಲಿ. ಎದುರುಮನೆಯವಳು ಗಂಡನ ಕರ್ಮ ಮುಗಿದ ವಾರವೇ ಅಡುಗೆಯ ಪಾತ್ರೆ ಹೊತ್ತು ತವರಿಗೆ ನಡೆದದ್ದನ್ನು ದುಫಿಯೆ ಕಣ್ಣಾರೆ ಕಂಡಿದ್ದಳು.

ಆದರೆ ಕೊಟ್ಟವರು ಕೊಟ್ಟೆ ಎಂದರೆ ಸಾಲದು. ಪಡೆದವರು ಎರಡೂ ಬಳಗದ ಮುಂದೆ ಉಪಕಾರ, ಎಂದರೆ ಕೃತಜ್ಞತೆಯ ಕಾಣಿಕೆ, ಸಲ್ಲಿಸಬೇಕು. ಒಂದು ಶೀಸೆ ಜಿನ್ನೋ, ಒಂದು ಕುರಿಯೋ. ಕುಡಿದವರು, ಉಂಡವರೇ ಸಾಕ್ಷಿ. ಉಪಕಾರ ಸಲ್ಲದ ಕೊಡುಗೆ ಕೊಟ್ಟವನ ಉಸಿರಿನ ಜೊತೆಗೇ ಹೊರಟುಹೋಗುತ್ತದೆ.

ದುಫಿಯೆ ಉಪಕಾರ ಸಲ್ಲಿಸಲು ಹೊರಡಲಿಲ್ಲ. ಮಾವನನ್ನು ನೋಡಲು ಬಂದ ಅದೊಮಾಕೊ ಹೊಸ್ತಿಲಲ್ಲೇ ಕೇಳಿದ.

“ಏನತ್ತೆ, ಶೀಸೆ ಇನ್ನೂ ಅಂಗಡೀಲೇ ಕೂತಿದೆಯಲ್ಲ?”

“ನಮ್ಮ ಚರ್ಚಿನ ಸಭೆಯೋರು ಹೆಂಡ ಮುಟ್ಟಲ್ಲಪ್ಪ.”

“ಕುರೀನೂ ಮುಟ್ಟಬೇಡಿ ಅಂದಿದಾರಾ ನಿಮ್ಮ ಪಾದ್ರಿಗಳು?” ಎಂದು ನಕ್ಕ. ಕೆಟ್ಟವನೇನಲ್ಲ. ಇದೆಲ್ಲ ಒಂದು ದಿನ ನಿನ್ನದೇ ಎಂಬ ಮಾತು ಕೇಳುತ್ತ ಬೆಳೆದವನು, ಅಷ್ಟೆ.

ಸಭೆಯ ಕಟ್ಟಳೆ ನೆಪ ಎಂಬುದು ದುಫಿಯೆಗೂ ಗೊತ್ತಿತ್ತು. ಬಾಳೆಯ ನೆರಳಲ್ಲಿ ಒಂದೊಂದು ಕೋಕೋ ಸಸಿಯನ್ನೂ ನೆಟ್ಟವಳು ಅವಳೇ. ಬೆನ್ನಿಗೆ ಕೂಸು ಕಟ್ಟಿಕೊಂಡು ಹಳ್ಳದ ನೀರು ಹೊತ್ತವಳೂ ಅವಳೇ. ತನ್ನ ಬೆವರನ್ನು ತನಗೇ ಕೊಟ್ಟರೆ ಅದಕ್ಕೊಂದು ಉಪಕಾರವೇ? ದೇವರ ಮುಂದೆ ದಿನವೂ ಬಾಗುವ ಮಂಡಿ ಇಲ್ಲಿ ಮಾತ್ರ ಬಾಗಲೊಲ್ಲದು.

ಒಂದು ಬೆಳಗ್ಗೆ ಜೋಳದ ಗಂಜಿ ಕುಡಿಸುವಾಗ ಅನಾನೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ನಿನಗೆ ನನ್ನ ಮೇಲೆ ಸಿಟ್ಟು.”

“ಆ ತೋಟ ನೆಟ್ಟೋಳು ನಾನು.”

“ಹೌದು. ನಾನು ಗುಂಡಿ ತೋಡಿದೆ, ನೀನು ನೆಟ್ಟೆ. ಅದನ್ನ ನೋಡಿದೋನು ನಾನೊಬ್ಬ. ನಾ ಹೋದಮೇಲೆ ಯಾರು ಹೇಳ್ತಾರೆ?” ಉಸಿರು ತಿರುಗಲು ಅವನು ಕಾದ. “ಉಪಕಾರ ನನಗಲ್ಲ ಕಣೆ, ಅವರ ಬಾಯಿಗೆ. ತಿಂದ ಬಾಯಿ ಇಲ್ಲ ಅನ್ನಲ್ಲ.”

“ಕಾಗದ ಮಾಡಿಸಿ ಅಂತಾರಲ್ಲ ಪಾದ್ರಿಗಳು.”

“ಅದನ್ನೂ ಮಾಡಿಸೋಣ. ಅಲ್ಲಿ ಹೆಬ್ಬೆಟ್ಟು ಒತ್ತೋಕೂ ಇವರೇ ಬರಬೇಕಲ್ಲ. ಮೊದಲು ಉಣ್ಣಲಿ.”

ದುಫಿಯೆ ಹಳ್ಳದ ದಂಡೆಗೆ ಹೋಗಿ ಬಹಳ ಹೊತ್ತು ಪ್ರಾರ್ಥನೆಗೆ ಕುಳಿತಳು. ಬಂದವಳು ತಾನೇ ಸಾಕಿದ ಟಗರಿನ ಹಗ್ಗ ಬಿಚ್ಚಿದಳು.

ಭಾನುವಾರ ಆರಾಧನೆ ಮುಗಿಸಿ ಎರಡೂ ಬಳಗದವರು ಅಂಗಳದಲ್ಲಿ ಸೇರಿದರು. ಅನಾನೆಯ ದೊಡ್ಡಮ್ಮ ನ್ಯಾರ್ಕೊ ಅಜ್ಜಿ ಬಳಗಕ್ಕೇ ಹಿರಿಯಳು. ಅವಳು ಕುಳಿತ ಮೇಲೆ ಉಳಿದವರು ಕುಳಿತರು. ಕುರ್ಚಿಯಲ್ಲಿ ಒರಗಿದ ಅನಾನೆ ಎಲ್ಲರ ಮುಂದೆ ಹೇಳಿದ: ಹಳ್ಳದ ದಂಡೆ ದುಫಿಯೆಗೆ, ಇಳಿಜಾರಿನ ದೊಡ್ಡ ತೋಟ ಅದೊಮಾಕೊಗೆ. ದುಫಿಯೆ ಮಂಡಿಯೂರಿ ಉಪಕಾರದ ಮಾತು ಆಡಿದಳು. ಅವಳ ಅಣ್ಣಂದಿರು ಫುಫು ಮುದ್ದೆ, ಕುರಿಯ ಸಾರು ಬಡಿಸಿದರು.

ಎಲ್ಲರೂ ಉಂಡರು. ಅದೊಮಾಕೊ ಬಟ್ಟಲು ಮುಟ್ಟಲಿಲ್ಲ.

“ಮಾವನನ್ನ ಹೀಗೆ ನೋಡಿ ಹಸಿವೇ ಇಲ್ಲ ನನಗೆ.”

ಉಣ್ಣದವನು ಸಾಕ್ಷಿಯಲ್ಲ, ನಾಳೆ ‘ನಾನು ಒಪ್ಪಿಲ್ಲ’ ಅನ್ನಲು ದಾರಿ ಉಳಿಸಿಕೊಂಡವನು. ಇದು ಅಲ್ಲಿ ಕುಳಿತ ಎಲ್ಲರಿಗೂ ತಿಳಿದಿತ್ತು.

“ಬರ್ತಾ ದಾರೀಲಿ ಕರಿದ ಬಾಳೆಹಣ್ಣು ಮುಕ್ಕಿದ್ಯಲ್ಲೋ,” ಎಂದಳು ನ್ಯಾರ್ಕೊ ಅಜ್ಜಿ.

“ಅದಕ್ಕೇ ಹೊಟ್ಟೆ ತುಂಬಿದೆ, ಅಜ್ಜಿ.”

“ಈಗಷ್ಟೇ ಹಸಿವಿಲ್ಲ ಅಂದೆ, ಈಗ ತುಂಬಿದೆ ಅಂತೀಯ. ಇರಲಿ. ಇಳಿಜಾರಿನ ತೋಟ ನಿನಗೆ ಅಂತ ಇವನು ಇದೇ ಬಾಯಲ್ಲಿ ಹೇಳ್ದ, ಇದೇ ಊಟದಲ್ಲಿ. ಈ ಊಟ ನಿನಗೆ ಬೇಡ ಅಂದ್ರೆ ಆ ಮಾತೂ ಬೇಡ ಅಂತ ತಿಳ್ಕೋತೀವಿ. ಆ ತೋಟ ತಗೊಳ್ಳೋಕೆ ನಂಗೆ ಇನ್ನೂ ಸೋದರಿಯರ ಮೊಮ್ಮಕ್ಕಳಿದಾರಪ್ಪ.”

ಯಾರೋ ಕೆಮ್ಮಿದರು. ಅದೊಮಾಕೊ ಮಾವನ ಕಡೆ ನೋಡಿದ. ಮಾವ ಕಣ್ಣು ಮುಚ್ಚಿದ್ದ. ಅದೊಮಾಕೊ ನೀರಿನ ಬಟ್ಟಲಲ್ಲಿ ಕೈ ತೊಳೆದ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ, ಒಂದು ತುಂಡು ಮಾಂಸ ಬಾಯಿಗಿಟ್ಟ. ಅಗಿಯಲು ಬಹಳ ಹೊತ್ತು ಹಿಡಿಯಿತು. ದುಫಿಯೆ ಅವನ ದವಡೆಯನ್ನೇ ನೋಡುತ್ತಿದ್ದಳು.

“ಸಾರಿಗೆ ಖಾರ ಕಮ್ಮಿಯಾಯ್ತು, ಅತ್ತೆ,” ಎಂದ.

“ಕೇಳಿದ್ರಾ ಎಲ್ಲರೂ?” ಅಜ್ಜಿ ಎರಡೂ ಬಳಗದ ಕಡೆ ತಿರುಗಿದಳು. “ಖಾರ ಕಮ್ಮಿ ಅಂದ. ನೆನಪಿಟ್ಕೊಳ್ಳಿ.”

ನಗು ಎದ್ದಿತು, ಅವನೂ ನಕ್ಕ. ದುಫಿಯೆ ಎದ್ದು ಮಣ್ಣಿನ ಅರೆಯುವ ಬಟ್ಟಲಲ್ಲಿ ಮೆಣಸಿನಕಾಯಿ ಅರೆಯತೊಡಗಿದಳು. ಕಣ್ಣು ತೆರೆಯದೆಯೇ ಅನಾನೆ ಹೇಳಿದ:

“ಅವನಿಗೆ ಇನ್ನೊಂದು ತುಂಡು ಹಾಕು.”