ಪುಕ್ಕಟೆ ತಿಂಡಿ

ಹೊಟ್ಟೆ ಕರಗದಿದ್ದರೆ ಯುಗಾದಿಯ ನಂತರ ಕೆಲಸಕ್ಕೆ ಬರುವುದು ಬೇಡವೆಂದು ಬಸ್ಸಿನ ಮಾಲೀಕರು ಹೇಳಿಬಿಟ್ಟಿದ್ದರು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಓಡುವ ಆ ಬಸ್ಸಿನ ಕಂಡಕ್ಟರ್ ಕರಿಸಿದ್ದಪ್ಪ ಸೀಟುಗಳ ನಡುವೆ ಸಿಕ್ಕಿಕೊಂಡಾಗಲೆಲ್ಲ ಜನ ನಗುತ್ತಿದ್ದರು.

ದಾರಿಯಲ್ಲಿ ಬಸ್ಸು ನಿಲ್ಲಿಸಿ ಗಿರಾಕಿಗಳನ್ನು ತರುವುದಕ್ಕಾಗಿ ಐಮಂಗಲದ ಹೋಟೆಲಿನಲ್ಲಿ ಅವನಿಗೆ ತಿಂಡಿ ಪುಕ್ಕಟೆ. ದುರ್ಗದ ಡಾಕ್ಟರು, ಅಲ್ಲಿ ಇಳಿಯಲೇಬೇಡ ಎಂದರು. ಇಳಿಯಲಿಲ್ಲ, ಮನೆಗೆ ಹೋಗಿ ಎರಡರಷ್ಟು ತಿಂದ. ಮನಸ್ಸಿನ ರೋಗ ನೋಡುವ ಇನ್ನೊಬ್ಬ ಡಾಕ್ಟರು ಊಟದ ಮಾತನ್ನೇ ಎತ್ತದೆ, "ಆ ಹೋಟೆಲಿನಲ್ಲಿ ನಿಮಗೆ ಹಿತವಾದದ್ದು ಏನು?" ಎಂದು ಕೇಳಿದರು. ಕರಿಸಿದ್ದಪ್ಪ, ವಡೆ ಎಂದು ಹೇಳಿ ಎದ್ದು ಬಂದ.

ಈ ದಿನ ದಣಿದು ಹೋಟೆಲಿನೆದುರು ಇಳಿದ. ಹೋಟೆಲಿನ ಬೊಮ್ಮಕ್ಕ ಬಿಸಿ ವಡೆಯ ತಟ್ಟೆ ಹಿಡಿದು ಬಂದಳು.

"ಬರ್ರಿ ಕಂಡಕ್ಟ್ರೇ, ಕುಂತ್ಕಳ್ರಿ!"

ತಟ್ಟೆಯತ್ತ ಚಾಚಿದ ಅವನ ಕೈ ಅಲ್ಲೇ ನಿಂತಿತು. ಬೆಳಗಿನಿಂದ ನಿಂತೇ ಇದ್ದವನಿಗೆ ಕುಳಿತುಕೊಳ್ಳಿ ಎಂದವಳು ಇವಳೊಬ್ಬಳೇ.

"ವಡೆ ಬ್ಯಾಡ ಕಣಕ್ಕ. ಸುಮ್ನೆ ಕುಂತ್ಕಂತೀನಿ."

"ಅಯ್ಯೋ, ತಿನ್ನದೆ ಕುಂತ್ರೆ ಬೆಂಚು ಬೇಜಾರು ಮಾಡ್ಕಂತೈತೆ!"

"ಮಾಡ್ಕಳ್ಳಿ ಬಿಡು."

ಡ್ರೈವರ್ ಹಾರನ್ ಬಾರಿಸಿದ. ಕರಿಸಿದ್ದಪ್ಪ ಏಳಲಿಲ್ಲ; ಕಾಲು ಚಾಚಿ ಕಣ್ಣು ಮುಚ್ಚಿದ. ವಡೆ ಆರುತ್ತಿತ್ತು. ಅವನಿಗೆ ಹಸಿವೇ ಇರಲಿಲ್ಲ.