ಅಜ್ಜಿ ಕಾರಿನಿಂದ ಇಳಿಯಲಿಲ್ಲ

ಮೊದಲು ಗ್ಯಾರೇಜಿನ ತಗಡಿನ ಮೇಲೆ ಯಾರೋ ಒಂದು ಹಿಡಿ ಕಡಲೆ ಎರಚಿದಂತೆ ಸದ್ದಾಯಿತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲುಗಳು ದಬದಬ ಉದುರತೊಡಗಿದವು.

"ಹಾಸಿಗೆ ತನ್ನಿ!" ಎಂದು ಕೂಗುತ್ತ ಅಪ್ಪ ತಟ್ಟೆ ಬಿಟ್ಟು ಓಡಿದ.

ಅಪ್ಪನದು ಕಾರುಗಳ ಟಿಂಕರಿಂಗ್ ಕೆಲಸ. ನೆಗ್ಗಿದ ತಗಡನ್ನು ಒಳಗಿಂದ ಬಡಿದು, ಅಂಗೈಯಿಂದ ಸವರಿ, ಮತ್ತೆ ಬಡಿದು ನುಣ್ಣಗೆ ಮಾಡುತ್ತಿದ್ದ ಅವನಿಗೆ 'ಸಪಾಟು ಮೇಸ್ತ್ರಿ' ಎಂದೇ ಹೆಸರು. ಹಾಸಿಗೆ, ಕಂಬಳಿ, ದಿಂಬು ಹೊತ್ತು ಮನೆಮಂದಿಯೆಲ್ಲ ಅಂಗಳಕ್ಕೆ ನುಗ್ಗಿದರು. ಅಜ್ಜಿ ತಲೆಯ ಮೇಲೆ ಬಾಣಲೆ ಕವುಚಿಕೊಂಡೇ ಬಂದಳು. ಗಿರಾಕಿಗಳ ಕಾರುಗಳಿಗೆಲ್ಲ ಹೊದಿಸಿದ್ದಾಯಿತು. ಗಿರಾಕಿಯ ಕಾರು ಮೊದಲು ಎಂಬುದು ಆ ಮನೆಯವರಿಗೆ ಎಷ್ಟು ಮೈಗೂಡಿತ್ತೆಂದರೆ, ಬೀದಿಯಲ್ಲಿ ನಿಂತಿದ್ದ ತಮ್ಮದೇ ಕಾರು ಒಬ್ಬರಿಗೂ ನೆನಪಾಗಲಿಲ್ಲ.

ಚಳಿಗಾಲವಿಡೀ ಅಪ್ಪ ತಿದ್ದಿ ತೀಡಿ, ಆಕಾಶನೀಲಿ ಬಣ್ಣ ಹೊಡೆದ ಕಾರು ಅದು. ಮಾರನೆಯ ಬೆಳಿಗ್ಗೆ ಅದರಲ್ಲೇ ಎಲ್ಲರೂ ಒಂದು ವಾರ ಸಮುದ್ರ ನೋಡಲು ಹೊರಡುವವರಿದ್ದರು. ಅಜ್ಜಿ ಹುಟ್ಟಿದ ಮೇಲೆ ಸಮುದ್ರ ಕಂಡವಳಲ್ಲ. ಆದರೂ ಅದರ ತಳದಲ್ಲಿ ಮುತ್ತಿನ ಅರಮನೆ ಕಟ್ಟಿಸಿಕೊಂಡ ರಾಣಿಯ ಕಥೆಯನ್ನು ಮೊಮ್ಮಗಳಿಗೆ ಸಾವಿರ ಸಲ ಹೇಳಿದ್ದಳು. ಕುಪ್ಪಳಿಸದೆ ಒಂದು ಹೆಜ್ಜೆ ಇಡದ ಆ ಮೊಮ್ಮಗಳನ್ನು ಎಲ್ಲರೂ 'ಮಿಡತೆ' ಎನ್ನುತ್ತಿದ್ದರು.

ಆಲಿಕಲ್ಲು ನಿಂತ ಮೇಲೆ ಮಿಡತೆ ಬೀದಿಗೆ ಓಡಿ ನೋಡಿದಳು. ಗಾಜೇನೋ ಉಳಿದಿತ್ತು. ಆದರೆ ನೀಲಿ ಕಾರಿನ ಮೈಯೆಲ್ಲ ಚಮಚದಿಂದ ಅಲ್ಲಲ್ಲಿ ತೋಡಿದ ಗಟ್ಟಿ ಮೊಸರಿನಂತಾಗಿತ್ತು.

"ಪ್ರಯಾಣ ಇಲ್ಲ," ಅಂದ ಅಪ್ಪ. "ನೆಗ್ಗು ತೆಗೆಯೋನ ಕಾರೇ ಹೀಗಿದ್ರೆ ನಾನು ಮುಖ ಎಲ್ಲಿಡ್ಲಿ?"

"ಮುಖ ಇದ್ದಲ್ಲೇ ಇರ್ಲಿ ರೀ, ಕೈ ಸ್ಟೇರಿಂಗ್ ಮೇಲಿಡಿ," ಅಂದಳು ಅಮ್ಮ.

"ನಿನಗೆಲ್ಲಾ ತಮಾಷೆ!"

ಅಷ್ಟೂ ನೆಗ್ಗು ತೆಗೆಯಲು ರಜೆಯ ವಾರವೇ ಸಾಲದು, ಆಮೇಲೆ ಶಾಲೆ. ಮಿಡತೆ ಮೊದಲ ಸಲ ಕುಪ್ಪಳಿಸದೆ ಮನೆಯೊಳಗೆ ನಡೆದಳು.

ಬೆಳಿಗ್ಗೆ ಅಪ್ಪ ಸುತ್ತಿಗೆ ಹಿಡಿದು ಬಂದರೆ, ಅಜ್ಜಿ ಆಗಲೇ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ತಲೆ ಬಾಚಿಕೊಂಡು ಕೂತಿದ್ದಳು.

"ಅಮ್ಮಾ, ಇಳಿ. ಟಾಪನ್ನ ಒಳಗಿಂದ ಬಡೀಬೇಕು. ಅದಕ್ಕೆ ಟಾಪಿನ ಒಳಹೊದಿಕೆ ಬಿಚ್ಚಬೇಕು."

"ಬಿಚ್ಚಪ್ಪಾ. ನಾನೇನು ಬೇಡ ಅಂದ್ನಾ?"

"ನಿನ್ನ ತಲೆ ಅಡ್ಡ ಬರುತ್ತೆ!"

"ಅದು ಹುಟ್ಟಿದಾಗಿಂದ ಅಲ್ಲೇ ಇದೆ. ಸಮುದ್ರ ತೋರ್ಸು, ಇಳೀತೀನಿ."

ಮಿಡತೆ ಒಂದೇ ನೆಗೆತಕ್ಕೆ ಅಜ್ಜಿಯ ಪಕ್ಕ ಸೇರಿದಳು. ಅಮ್ಮ ಬುತ್ತಿಯೊಂದಿಗೆ ಮುಂದೆ ಕೂತು, ಏನೂ ಆಗಿಲ್ಲವೆಂಬಂತೆ ಬಾಗಿಲು ಎಳೆದುಕೊಂಡಳು. ಹೊರಗೆ ಅಪ್ಪ, ಅಪ್ಪನ ಕೈಯಲ್ಲಿ ಸುತ್ತಿಗೆ.

ಅಷ್ಟರಲ್ಲಿ ಬೀದಿಗೆ ಕಾರುಗಳು ಒಂದರ ಹಿಂದೊಂದು ಬರತೊಡಗಿದವು. ಎಲ್ಲಕ್ಕೂ ಅದೇ ಗತಿ. ಮೊದಲ ಕಾರಿನಿಂದ ಇಳಿದ ಹಲ್ಲಿನ ಡಾಕ್ಟರಮ್ಮ ನೀಲಿ ಕಾರಿಗೊಂದು ಸುತ್ತು ಹಾಕಿ, ಒಳಗಿದ್ದ ಮೂವರನ್ನೂ ನೋಡಿದರು.

"ಎಲ್ಲಿಗೆ ಹೊರಟಿದೀರಿ?"

"ಎಲ್ಲಿಗೂ ಇಲ್ಲ ಮೇಡಂ. ಈ ಕಾರಲ್ಲಿ ಹೇಗೆ ಹೋಗೋದು?"

"ನಾನು ಬಂದಹಾಗೆ! ಮೇಸ್ತ್ರಿಗಳೇ, ಊರಿನ ಕಾರೆಲ್ಲ ಹೀಗಿರುವಾಗ ನಿಮ್ಮದೊಂದೇ ನುಣ್ಣಗಿದ್ರೆ, ಎಲ್ಲಿಂದ ಕದ್ದು ತಂದ ಅಂತ ಜನ ಕೇಳ್ತಾರೆ."

"ಮತ್ತೆ ನಿಮ್ಮ ಕಾರು?"

"ಓಡ್ತಾ ಇದೆಯಲ್ಲ. ಒಂದು ವಾರ ಓಡ್ಲಿ ಬಿಡಿ."

ಅಪ್ಪ ಸಾಲನ್ನೊಮ್ಮೆ ನೋಡಿದ, ಕಿಟಕಿಗೆ ಮೂಗು ಒತ್ತಿದ್ದ ಮಿಡತೆಯನ್ನೊಮ್ಮೆ ನೋಡಿದ. ಸುತ್ತಿಗೆಯನ್ನು ಗ್ಯಾರೇಜಿನೊಳಗೆ ಎಸೆದು, "ಎಲ್ಲರೂ ಮುಂದಿನ ವಾರ ಬನ್ನಿ!" ಎಂದು ಕೂಗಿ, ಶಟರು ಎಳೆದ.

ಊರು ದಾಟುವವರೆಗೂ ಅವನು ಸೀಟಿನಲ್ಲಿ ಕುಗ್ಗಿಯೇ ಕೂತಿದ್ದ. ಕೊನೆಯ ಸಿಗ್ನಲ್ಲಿನಲ್ಲಿ ಪಕ್ಕಕ್ಕೊಂದು ಕಾರು ಬಂದು ನಿಂತಿತು. ಅದರ ಮೈತುಂಬ ಗುಳಿ. ಒಳಗಿನವನೂ ಕುಗ್ಗಿ ಕೂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡರು.

ಮುಂದೆ, ಕರಗಿದ ಆಲಿಕಲ್ಲಿಗೆ ಮೋರಿ ಉಕ್ಕಿ, ನೀರು ರಸ್ತೆಯುದ್ದಕ್ಕೂ ನಿಂತು ಹೊಳೆಯುತ್ತಿತ್ತು. ಅಜ್ಜಿ ಕತ್ತು ಚಾಚಿದಳು.

"ಏನೋ, ಇಷ್ಟು ಬೇಗ ಬಂತಾ ಸಮುದ್ರ?"

"ಅಮ್ಮಾ, ಅದು ಮೋರಿ ನೀರು!" ಎಂದ ಅಪ್ಪ ಗಟ್ಟಿಯಾಗಿ ನಗುತ್ತ, ಗೇರು ಬದಲಿಸಿದ.