ಮಿಕ್ಕ ಬಟ್ಟೆಯ ಪರದೆ

ಹೊಲಿಗೆಯಾಕೆಗೆ ಒಂದು ಮಾತು ಬಾಯಿಪಾಠವಾಗಿತ್ತು: "ಬಟ್ಟೆ ಸರಿಯಾಗಿ ಹೋಯ್ತು ನೋಡಿ, ಒಂದು ಎಳೆಯೂ ಮಿಗಲಿಲ್ಲ." ಹೊಲಿದದ್ದನ್ನು ಮಡಿಸಿ ಗಿರಾಕಿಯ ಕೈಗಿಡುವಾಗ ಈ ಮಾತು ತಪ್ಪದೆ ಜೊತೆಗೇ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಮಿಗುತ್ತಿತ್ತು. ಯಾವ ಕತ್ತರಿಯಡಿ ಮಿಗುವುದಿಲ್ಲ ಹೇಳಿ? ಕಂಕುಳ ಬಳಿಯದೊಂದು ಮೂಲೆ, ಕೊರಳ ಸುತ್ತಿನದೊಂದು ಚೂರು, ಅವಳ ಅಳತೆ ಚೊಕ್ಕವಾಗಿ ಕೂತ ದಿನ ಮೊಳದಷ್ಟು ದೊಡ್ಡ ತುಂಡು. ಎಲ್ಲವನ್ನೂ ಗೋಣಿಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆಯುತ್ತಿದ್ದಳು. ಅದನ್ನು ಮಾರಿದವಳಲ್ಲ, ತೊಟ್ಟವಳಲ್ಲ. ಕಸಕ್ಕೆ ಹಾಕಲು ಮನಸ್ಸು ಬಾರದು, ವಾಪಸು ಕೊಡಲು ಕೈ ಬಾರದು, ಅಷ್ಟೆ.

ಇಷ್ಟು ಕಾಲ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಯುತ್ತಿದ್ದವಳು ಈಗ ದೊಡ್ಡ ರಸ್ತೆಯಲ್ಲಿ ಸ್ವಂತ ಅಂಗಡಿ ಹಿಡಿದಿದ್ದಳು. ಮುಂಗಡ ಕೊಟ್ಟು, ಸುಣ್ಣ ಬಳಿಸುವಷ್ಟರಲ್ಲಿ ಕೈ ಬರಿದಾಗಿತ್ತು. ನಾಲ್ಕು ಬಿಳಿ ಗೋಡೆ, ಒಂದು ಮಿಷನ್ನು, ಬಟ್ಟೆ ಹಾಕಿ ನೋಡಲು ಒಂದು ಮೂಲೆ. ಆ ಮೂಲೆಗೆ ಪರದೆಯೂ ಇರಲಿಲ್ಲ.

"ಇದು ಅಂಗಡಿಯೋ ಆಸ್ಪತ್ರೆಯೋ?" ಎಂದು ಅತ್ತೆ ಮೂಗು ಮುರಿದರು. "ಈ ಬೋಳು ಗೋಡೆ ನೋಡೋಕೆ ಯಾರು ಬರ್ತಾರೆ?"

"ಗೋಡೆ ನೋಡೋಕೆ ಯಾಕೆ ಬರ್ತಾರೆ ಅತ್ತೆ? ಹೊಲಿಸೋಕೆ ಬರ್ತಾರೆ. ಅಲಂಕಾರ ಅಂತ ಇನ್ನೊಂದು ಕಾಸೂ ಬಿಚ್ಚೋ ಹಾಗಿಲ್ಲ."

ಅತ್ತೆ ಸುಮ್ಮನಾದರು. ಅವರು ಸುಮ್ಮನಾಗುವುದೆಂದರೆ ಒಲೆಯ ಮೇಲಿನ ಹಾಲು ಸುಮ್ಮನಿರುವ ಹಾಗೆ. ಸೊಸೆ ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಅವರಿಬ್ಬರದು ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಅತ್ತೆ ಬಾಯಿ ಮುಚ್ಚಿದರೆ ಅದೇ ಪುಣ್ಯ ಎಂದುಕೊಂಡು ಅವಳು ತನ್ನ ಕೆಲಸಕ್ಕೆ ಹೋದಳು.

ಅಂಗಡಿ ತೆರೆಯುವ ದಿನ ಬೆಳಿಗ್ಗೆಯೇ ಮಿಷನ್ನಿನ ಬೆಲ್ಟು ಹರಿಯಿತು. ಹೊಸದು ತರಲು ಓಡಿದವಳು ಏದುಸಿರು ಬಿಡುತ್ತಾ ಹಿಂದಿರುಗಿದರೆ, ಗಂಡ ಸ್ಟೂಲಿನ ಮೇಲೆ ಸುತ್ತಿಗೆ ಹಿಡಿದು ನಿಂತು ಹಲ್ಲು ಬಿಡುತ್ತಿದ್ದ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

ಅಂಗಡಿಯ ಗುರುತೇ ಸಿಗುವಂತಿರಲಿಲ್ಲ. ಕಿಟಕಿಗೆ ಖಾಲಿ ದಾರದ ರೀಲುಗಳನ್ನು ಪೋಣಿಸಿದ ಮಾಲೆ. ಗೋಡೆಗೆ ಶರಟಿನ ಡಬ್ಬಿಯ ರಟ್ಟಿಗೆ ಬಟ್ಟೆ ಸುತ್ತಿ ಮಾಡಿದ ಚೌಕಟ್ಟುಗಳು, ಅವುಗಳೊಳಗೆ ಒಂಟಿ ಗುಂಡಿಗಳಿಂದಲೇ ಜೋಡಿಸಿದ ಹೂಗೊಂಚಲು. ಹಾಲಿನ ಪುಡಿಯ ಡಬ್ಬಗಳು ಹೂವಿನ ಬಟ್ಟೆ ತೊಟ್ಟು ಕತ್ತರಿ, ಟೇಪು, ಸೀಮೆಸುಣ್ಣ ಹೊತ್ತು ನಿಂತಿದ್ದವು. ಮುರಿದ ಕೊಡೆಯ ಕಡ್ಡಿಗಳು ದೀಪದ ಸುತ್ತ ಅರಳಿ ನಿಂತಿದ್ದವು. ಇನ್ನು ಆ ಮೂಲೆಗೆ ಸೂರಿನಿಂದ ನೆಲದವರೆಗೆ ಒಂದು ಪರದೆ: ನೂರಾರು ತುಂಡು, ನೂರಾರು ಬಣ್ಣ. ಕೈಯಲ್ಲೇ ಹಾಕಿದ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣದಾಗಿತ್ತು.

"ಒಂದು ಕಾಸು ಖರ್ಚಿಲ್ಲ," ಎಂದರು ಅತ್ತೆ. "ಅಂಟು ಕೂಡ ಮೈದಾ ಕುದಿಸಿ ಮಾಡಿದ್ದು. ನೀನು ಅಂಗಡಿ ಕೆಲಸ ಅಂತ ಇಲ್ಲಿಗೆ ಬಂದಾಗೆಲ್ಲ ನಾನು ಮನೇಲಿ ಕೂತು ಹೊಲಿದೆ. ಅಟ್ಟದ ಮೇಲೆ ಇಷ್ಟು ಬಟ್ಟೆ ಕೊಳೆಯೋಕೆ ಬಿಟ್ಟಿದ್ದೀಯಲ್ಲ, ಏನು ದೌಲತ್ತು ನಿಂದು!"

ಹೊಲಿಗೆಯಾಕೆ ಪರದೆಯ ಹತ್ತಿರ ಹೋಗಿ ನೋಡಿದಳು. ಹೊಲಿಯುವವರು ಮುಖ ಮರೆತರೂ ಬಟ್ಟೆ ಮರೆಯುವುದಿಲ್ಲ. ಆ ಹಳದಿ ಗೆರೆ ಔಷಧಿ ಅಂಗಡಿಯಾಕೆಯದು. ಆ ನೀಲಿ, ದಾದಿಯದು. ಮಧ್ಯದಲ್ಲಿ ಹಾಯಾಗಿ ಹರಡಿಕೊಂಡಿರುವ ಬಿಳಿ ಚುಕ್ಕೆಯ ಹಸಿರು, ಅಯ್ಯೋ, ಟೀಚರಮ್ಮನದು! ಪರದೆಯಲ್ಲ ಅದು, ಅವಳು ಹೇಳಿದ ಸುಳ್ಳುಗಳ ಸಾಲು. ಎದುರು ಸಾಲಿನಲ್ಲೇ ಗಾಜಿನ ಬಾಗಿಲಿನ ದೊಡ್ಡ ಹೊಲಿಗೆ ಅಂಗಡಿಯಿತ್ತು. ಅದನ್ನು ದಾಟಿ ಜನ ತನ್ನ ಹತ್ತಿರ ಬರುತ್ತಿದ್ದುದು ನಂಬಿಕೆಯೊಂದಕ್ಕೇ ಎಂಬುದು ಅವಳಿಗೆ ಗೊತ್ತಿತ್ತು. ಬಟ್ಟೆಗಳ್ಳಿ ಎಂಬ ಹೆಸರು ಬಂತೋ, ಬಾಗಿಲು ತೆರೆದ ದಿನವೇ ಮುಚ್ಚಬೇಕು.

"ಇಳಿಸಿ! ಬೇಗ ಇಳಿಸಿ!" ಎಂದು ಗಂಡನ ಮೇಲೆ ರೇಗಿದಳು.

"ಈಗಷ್ಟೇ ಏರಿಸಿದೆ," ಎಂದ ಅವನು.

ಅಷ್ಟರಲ್ಲಿ ಗಿರಾಕಿಗಳು ಬಂದೇಬಿಟ್ಟರು. ಮುಂದೆ ಟೀಚರಮ್ಮ, ಹಿಂದೆ ಔಷಧಿ ಅಂಗಡಿಯಾಕೆ, ಅವರ ಹಿಂದೆ ಹೊಟ್ಟೆ ಮುಂದೆ ಮಾಡಿಕೊಂಡು ಬೇಕರಿಯವನು. ಟೀಚರಮ್ಮ ತೊಟ್ಟಿದ್ದುದು ಅದೇ ಬಿಳಿ ಚುಕ್ಕೆಯ ಹಸಿರು ನಿಲುವಂಗಿ, ಅದೇ ಅರ್ಧ ತೋಳು. ಒಳ್ಳೆಯ ದಿನ ಅಂತ ಹೊಲಿಗೆಯಾಕೆ ಹೊಲಿದದ್ದನ್ನೇ ಹಾಕಿಕೊಂಡು ಬಂದಿದ್ದರು ಪಾಪ.

"ಆಹಾ, ಎಷ್ಟು ಚೆನ್ನಾಗಿದೆ ಅಕ್ಕಾ!" ಎಂದು ಎಲ್ಲರೂ ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ಟೀಚರಮ್ಮ ಪರದೆಯ ಬಳಿ ಹೋದರು. ತಮ್ಮ ತೋಳು ನೋಡಿಕೊಂಡರು, ಪರದೆ ನೋಡಿದರು, ಮತ್ತೆ ತೋಳು ನೋಡಿಕೊಂಡರು.

"ನಾನು ತುಂಬು ತೋಳು ಕೇಳಿದ್ದೆ. ಬಟ್ಟೆ ಸಾಲಲಿಲ್ಲ ಅಂದಿದ್ರಿ."

ಗಂಡ ಸ್ಟೂಲಿನ ಮೇಲೆಯೇ ನಿಂತು ಸೂರಿನ ಸುಣ್ಣ ಪರೀಕ್ಷಿಸತೊಡಗಿದ. ನೆಲ ಬಿರಿದು ಮಿಷನ್ನಿನ ಸಮೇತ ತನ್ನನ್ನು ನುಂಗಬಾರದೇ ಎನಿಸಿತು ಹೊಲಿಗೆಯಾಕೆಗೆ.

ಮಿಷನ್ನಿನ ಸದ್ದಿಗೆ ತಲೆನೋವೆಂದು ಎಂದೂ ಮುಂದಿನ ಕೋಣೆಗೆ ಕಾಲಿಡದ ಅತ್ತೆಗೆ, ಸೊಸೆ ಗಿರಾಕಿಗಳಿಗೆ ಏನು ಹೇಳುತ್ತಾಳೆಂಬುದು ತಿಳಿದಿರಲಿಲ್ಲ. ಈಗ ಟೀಚರಮ್ಮನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಇದ್ದದ್ದು ಇದ್ದ ಹಾಗೆ ಅರ್ಥವಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ಬಂದರು.

"ಆ ಬಟ್ಟೆ ಕದ್ದಿದ್ದು ನಾನಮ್ಮ."

"ಅಜ್ಜೀ, ನೀವಾ?"

"ಹೂಂ. ಇವಳು ಕತ್ತರಿ ಹಾಕೋಕೆ ಮುಂಚೆನೇ ಕತ್ತರಿಸಿ ಎತ್ತಿಟ್ಕೊಂಡೆ. ಸಾಲಲಿಲ್ಲ ಅಂತ ಇವಳು ಹೇಳದೆ ಇನ್ನೇನು ಮಾಡ್ತಾಳೆ? ಅವಳಿಗೇನೂ ಗೊತ್ತಿಲ್ಲ, ಪಾಪ."

ಪಾಪ! ಆ ಬಾಯಿಂದ ತನ್ನ ಬಗ್ಗೆ ಆ ಪದ ಬಂದದ್ದನ್ನು ಹೊಲಿಗೆಯಾಕೆ ಎಂದೂ ಕೇಳಿರಲಿಲ್ಲ. ಒಂದು ಗಳಿಗೆ, ಸುಮ್ಮನಿದ್ದರೆ ಬಚಾವು ಎಂದೂ ಅನಿಸಿತು, ಅನಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ವಯಸ್ಸಾದವರ ತಲೆಯ ಮೇಲೆ ಕಳ್ಳತನ ಹೊರಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಅವಳಿಂದಾಗದ ಕೆಲಸ.

"ಇಲ್ಲ ಟೀಚರಮ್ಮ, ನಾನೇ. ಗಮನ ಎಲ್ಲೋ ಇಟ್ಕೊಂಡು ಅರ್ಧ ತೋಳು ಕತ್ತರಿಸಿಬಿಟ್ಟೆ. ಹೇಳೋಕೆ ನಾಚಿಕೆ ಆಯ್ತು. ಬಟ್ಟೆ ಸಾಲಲಿಲ್ಲ ಅಂದೆ."

"ಸುಳ್ಳು ಹೇಳ್ತಿದ್ದಾಳೆ!" ಎಂದು ಅತ್ತೆ ಗುಡುಗಿದರು. "ಕದ್ದಿದ್ದು ನಾನು!"

"ಅಲ್ಲ, ನಾನು! ನಿಮಗೆ ಅಟ್ಟ ಹತ್ತೋಕೆ ಬರುತ್ತಾ ಅತ್ತೆ?"

"ಹತ್ತದೇ ಚೀಲ ತಾನಾಗೇ ಇಳಿದು ಬಂತಾ?"

"ಇಳಿಸಿದ್ದು ನಿಮ್ಮ ಮಗ ಇರಬೇಕು!"

ಸ್ಟೂಲಿನ ಮೇಲಿನಿಂದ ಮಗ, "ನನ್ನನ್ನ ಯಾಕೆ ಎಳೀತೀರಿ?" ಎಂದ.

"ನೀನು ಸುಮ್ನಿರು!" "ನೀವು ಸುಮ್ನಿರಿ!" ಎಂದು ಇಬ್ಬರೂ ಒಂದೇ ಸಲ ಗದರಿದರು.

ಮೊದಲು ನಕ್ಕದ್ದು ಔಷಧಿ ಅಂಗಡಿಯಾಕೆ. ಆಮೇಲೆ ಟೀಚರಮ್ಮನಿಗೂ ತಡೆಯಲಾಗಲಿಲ್ಲ. ಕಳ್ಳತನ ತನ್ನದಲ್ಲವೆಂದು ಜಗಳವಾಡುವವರನ್ನು ಶಾಲೆಯಲ್ಲಿ ದಿನವೂ ಕಂಡವರು ಅವರು. ನನ್ನದೇ ಎಂದು ಹಟ ಹಿಡಿದವರನ್ನು ಕಂಡದ್ದು ಇದೇ ಮೊದಲು. ಔಷಧಿ ಅಂಗಡಿಯಾಕೆ ಕಣ್ಣೊರೆಸಿಕೊಳ್ಳುತ್ತಾ ತನ್ನ ಹಳದಿ ಗೆರೆಯನ್ನು ಹುಡುಕಿ ಹಿಡಿದಳು. "ಇದು ನಂದು! ಇಲ್ಲೊಂದು, ಅಲ್ಲೊಂದು! ಅರೆ, ಎಲ್ಲರಿಗಿಂತ ಜಾಸ್ತಿ ನಂದೇ ಇದೆ!"

ಬೇಕರಿಯವನು ಮೇಲಿನಿಂದ ಕೆಳಗೆ ಹುಡುಕಿ, ಕೂತು ಹುಡುಕಿ, ಮುಖ ಊದಿಸಿಕೊಂಡ. "ನಂದೊಂದೂ ಇಲ್ವಲ್ಲ?"

"ನಿನ್ನ ಬಟ್ಟೆಯೆಲ್ಲ ನಿನ್ನ ಹೊಟ್ಟೆಗೇ ಹೋಯ್ತಪ್ಪ," ಎಂದರು ಅತ್ತೆ. "ಉಳಿಯೋಕೆ ನೀನು ಬಿಟ್ಟರೆ ತಾನೆ?"

ನಗು ಇಳಿದ ಮೇಲೆ ಟೀಚರಮ್ಮ ಮತ್ತೆ ಟೀಚರಮ್ಮನಾದರು. "ಯಾರಾದರೂ ಕದ್ದಿರಿ. ನನಗೆ ನನ್ನ ತೋಳು ಬೇಕು. ಈಗಲೇ."

ಹೊಲಿಗೆಯಾಕೆ ಗಂಡನನ್ನೂ ಬೇಕರಿಯವನನ್ನೂ ಹೊರಗೆ ಅಟ್ಟಿ ಬಾಗಿಲು ಹಾಕಿದಳು. ಮಿಷನ್ನಿಗೆ ಹೊಸ ಬೆಲ್ಟು ಏರಿಸಿದಳು. ಅತ್ತೆಯೇ ಕೂತು ತಾವು ಹಾಕಿದ ಇರುವೆ ಸಾಲನ್ನು ಬಿಚ್ಚಿ ಹಸಿರು ತುಂಡನ್ನು ತೆಗೆದುಕೊಟ್ಟರು. ಪರದೆಯ ನಟ್ಟನಡುವೆ ಕಿಟಕಿಯಂಥ ತೂತು ಬಿತ್ತು. ನಿಲುವಂಗಿ ಬಿಚ್ಚಿಕೊಟ್ಟ ಟೀಚರಮ್ಮ ಪರದೆಯ ಹಿಂದೆ ಕೂತರು. ಅತ್ತೆ ಈಚೆಯಿಂದ ತೂತಿಗೆ ಬೆನ್ನು ಕೊಟ್ಟು ಕಾವಲು ನಿಂತರು. "ಅಜ್ಜಿ, ಅಲ್ಲಾಡಬೇಡಿ," ಎಂದು ಒಳಗಿನಿಂದ ಆಗಾಗ ಆಜ್ಞೆಯಾಗುತ್ತಿತ್ತು.

ಹೊಲಿಗೆಯಾಕೆ ಮೊಣಕೈ ಬಳಿ ತೆಳು ಪಟ್ಟಿ ಕೊಟ್ಟು ತೋಳು ಜೋಡಿಸಿದಳು. ಇಷ್ಟು ಶ್ರದ್ಧೆಯಿಂದ ಅವಳು ತನ್ನ ಮದುವೆಯ ಬಟ್ಟೆಯನ್ನೂ ಹೊಲಿದಿರಲಿಲ್ಲ. ಟೀಚರಮ್ಮ ತೊಟ್ಟು ಕನ್ನಡಿಯ ಮುಂದೆ ಕೈ ನೀಡಿ, ಮಡಿಸಿ, ತಿರುಗಿಸಿ ನೋಡಿಕೊಂಡರು. ಮುಖ ಅರಳಿತು.

"ಪಟ್ಟಿ ಇರೋದೇ ಚಂದ. ಮೊದಲೇ ನಿಜ ಹೇಳಿದ್ರೆ ಆಗ್ತಿರಲಿಲ್ವಾ?"

"ಹೇಳ್ಬೇಕಿತ್ತು," ಎಂದಳು ಹೊಲಿಗೆಯಾಕೆ. ಎರಡು ಬೆರಳಗಲದ ಹಸಿರು ಇನ್ನೂ ಮಿಕ್ಕಿತ್ತು. ಅದನ್ನು ನೀಟಾಗಿ ಮಡಿಸಿ ಟೀಚರಮ್ಮನ ಕೈಗೇ ಕೊಟ್ಟಳು. "ಇಷ್ಟು ಮಿಕ್ಕಿದೆ. ತಗೊಳ್ಳಿ."

ಟೀಚರಮ್ಮ ಅದನ್ನು ಹಿಡಿದು ತೂತನ್ನು ನೋಡಿದರು. ಆಮೇಲೆ ಅಜ್ಜಿಯ ಅಂಗೈಯಲ್ಲಿಟ್ಟರು. "ಇದನ್ನ ಅಲ್ಲೇ ಹಾಕಿ ಅಜ್ಜಿ. ಈ ಸಲ ನಾನೇ ಕೊಟ್ಟಿದ್ದು." ಬರುವ ವಾರ ಇನ್ನೊಂದು ಬಟ್ಟೆ ತರುವುದಾಗಿಯೂ, ತುಂಬು ತೋಳೇ ಬೇಕೆಂದೂ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ಅಂಗಡಿಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಸೊಸೆ ನೆಲದ ಮೇಲಿನ ದಾರದ ಚೂರು ಆರಿಸುತ್ತಾ, ತಲೆ ಎತ್ತದೆ ಕೇಳಿದಳು: "ನನ್ನ ತಪ್ಪನ್ನ ನೀವು ಯಾಕೆ ಮೈಮೇಲೆ ಹಾಕ್ಕೊಂಡ್ರಿ ಅತ್ತೆ?"

"ನನ್ನ ಸೊಸೆನ ನಾನು ಬೈತೀನಿ. ದಿನಾ ಬೈತೀನಿ, ನಾಳೆನೂ ಬೈತೀನಿ. ಬೀದಿಯವರು ಬೈತಾರೆ ಅಂದ್ರೆ ಸುಮ್ನೆ ನೋಡ್ತಾ ನಿಲ್ಲೋಕೆ ನಾನೇನು ಸತ್ತು ಹೋಗಿದ್ದೀನಾ?"

ಹೊಲಿಗೆಯಾಕೆಯ ಕಣ್ಣು ತುಂಬಿ ಬಂತು. ನಗುವೂ ಬಂತು. ದಾರದ ಚೂರುಗಳನ್ನು ಹಿಡಿದುಕೊಂಡೇ ಕೂತಳು.

"ಆದ್ರೂ ನೀನು ಕಳ್ಳೀನೇ," ಎಂದರು ಅತ್ತೆ, ಹಸಿರು ತುಂಡನ್ನು ತೂತಿನ ಅಂಚಿಗೆ ಹಿಡಿದು ಅಳತೆ ನೋಡುತ್ತಾ. "ಅಳೋದು ಆಮೇಲೆ ಅಳು. ಮೊದಲು ಈ ಸೂಜಿಗೆ ದಾರ ಪೋಣಿಸಿ ಕೊಡು."

ಸೊಸೆ ಎದ್ದು ಪಕ್ಕದಲ್ಲಿ ಕೂತು ದಾರ ಪೋಣಿಸಿದಳು. ಪರದೆಯ ಆ ತುದಿಯನ್ನು ಅತ್ತೆ ಹಿಡಿದರು, ಈ ತುದಿಯನ್ನು ಅವಳು ಹಿಡಿದಳು.